ಅಜ್ಜಿಯ ಕೈಮೇಲಿನ ಗುರುತಿಗೆ ಸಾಕ್ಷಿ ಯಾರು?

ಸೊಸೆಯ ಮೇಲೆ ಗಂಡನ ಮನೆಯವರು ಕೈಮಾಡಿದರೆ ನಮ್ಮ ಸಂಘಗಳು ಈಗ ಸುಮ್ಮನಿರುವುದಿಲ್ಲ. ಬಾಗಿಲಿಗೆ ಹೋಗಿ ಕೇಳುತ್ತೇವೆ, ಠಾಣೆಯ ಮೆಟ್ಟಿಲು ಹತ್ತುತ್ತೇವೆ. ಅದೇ ಹೆಣ್ಣು ಎಂಬತ್ತು ವರ್ಷದ ಮುದುಕಿಯಾಗಿ ವೃದ್ಧಾಶ್ರಮದ ಮಂಚ ಹಿಡಿದಾಗ ಯಾರಾದರೂ ಕೈಮಾಡಿದರೆ? ಅಲ್ಲಿ ಸಂಘವಿಲ್ಲ, ನೆರೆಮನೆಯಿಲ್ಲ, ತವರು ಎಂದೋ ಮುಗಿದಿದೆ. ಅವಳ ಮೈ ನೋಡುವವರು ಇಬ್ಬರೇ: ಮೀಯಿಸುವ ಆಯಾ, ಹುಣ್ಣಿಗೆ ಪಟ್ಟಿ ಕಟ್ಟುವ ನರ್ಸ್. ನಾನು ಆಸ್ಪತ್ರೆ, ವೃದ್ಧಾಶ್ರಮ ಎರಡರಲ್ಲೂ ದುಡಿದ ನರ್ಸ್. ಅನುಮಾನ ಬಂದ ಕೂಡಲೇ ತಿಳಿಸುವುದು ನಮ್ಮ ಕರ್ತವ್ಯ, ಅದನ್ನು ಕಾನೂನು ಕಡ್ಡಾಯ ಮಾಡಬೇಕು ಎಂಬುದು ನನ್ನ ವಾದ.

ವೃದ್ಧಾಶ್ರಮದ ಹಿಂಸೆ ಸದ್ದು ಮಾಡುವುದಿಲ್ಲ. ತೋಳಿನ ಮೇಲೆ ಬೆರಳು ಒತ್ತಿದಂತೆ ನೀಲಿಗಟ್ಟಿದ ಗುರುತು. ಮಣಿಕಟ್ಟಿನಲ್ಲಿ ಹಗ್ಗದ ಬರೆ. ಮಗ್ಗುಲು ಬದಲಿಸದೆ ಸೊಂಟದಲ್ಲಿ ಎದ್ದ ಹಾಸಿಗೆ ಹುಣ್ಣು. ಡಾಕ್ಟರು ಬರೆದಿಲ್ಲದ ನಿದ್ದೆ ಮಾತ್ರೆ. ಪಿಂಚಣಿ ಕಾಗದಕ್ಕೆ ಒತ್ತಿಸಿಕೊಂಡ ಹೆಬ್ಬೆಟ್ಟು. ಒಬ್ಬರು ಒಳಗೆ ಬಂದೊಡನೆ ಮಾತು ನಿಲ್ಲಿಸಿ ಮುದುಡುವ ಅಜ್ಜಿ.

“ಮುದುಕರ ಚರ್ಮ ತೆಳು, ಮುಟ್ಟಿದರೆ ಕಂದುತ್ತದೆ. ಮರೆವಿನ ಕಾಯಿಲೆಯವರ ಮಾತು ನಂಬುವುದು ಹೇಗೆ? ಪುರಾವೆ ಎಲ್ಲಿದೆ?” ಎಂದು ಕೇಳುತ್ತಾರೆ. ಚರ್ಮ ತೆಳುವೆಂಬುದು ನಿಜ. ಆದ್ದರಿಂದಲೇ ವಿಚಾರಣೆ ಬೇಕು. ತೀರ್ಪು ಹೇಳುವುದು ನರ್ಸಿನ ಕೆಲಸವಲ್ಲ. ಗುರುತು ಎಲ್ಲಿದೆ, ಎಷ್ಟು ದೊಡ್ಡದು, ಯಾವ ದಿನ ಎಷ್ಟು ಗಂಟೆಗೆ ಕಂಡಿತು, ಅಜ್ಜಿ ಏನೆಂದಳು ಎಂಬುದನ್ನು ಅವಳ ಮಾತಿನಲ್ಲೇ ಬರೆದು ತಿಳಿಸುವುದಷ್ಟೇ ಅವಳ ಕೆಲಸ. ನಿಜವೋ ಸುಳ್ಳೋ ಎಂದು ನೋಡುವವರು ಬೇರೆ ಇದ್ದಾರೆ.

ಈ ಪಾಠ ನಮಗೆ ಹೊಸದಲ್ಲ. “ಸ್ಟವ್ ಸಿಡಿಯಿತು” ಎಂಬ ಒಂದು ಮಾತಿನ ಅಡಿಯಲ್ಲಿ ಎಷ್ಟು ಸೊಸೆಯರ ಸಾವು ಮುಚ್ಚಿಹೋಯಿತು! ಅದು ಮನೆಯ ವಿಷಯ, ನಮಗೇಕೆ ಎಂದು ನೋಡಿದವರೆಲ್ಲ ಸುಮ್ಮನಿದ್ದರು. ಹೆಂಗಸರು ಬೀದಿಗಿಳಿದು ಕೇಳಿದ ಮೇಲೆ 1983ರಲ್ಲಿ 498-ಎ, 1986ರಲ್ಲಿ 304-ಬಿ ಕಲಮುಗಳು ಬಂದವು. ಇಂದು “ಬಿದ್ದು ಪೆಟ್ಟಾಯಿತು” ಎಂಬ ಮಾತು ಅಜ್ಜಿಯರ ಪಾಲಿನ ಸ್ಟವ್ ಆಗಿದೆ.

ಕಾನೂನು ಏನು ಹೇಳುತ್ತದೆ? ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯಂತೆ ತಿಳಿಸದಿದ್ದರೆ ಶಿಕ್ಷೆಯಿದೆ. ಮುದುಕಿಯ ವಿಷಯದಲ್ಲಿ ಈ ‘ಲೇಬೇಕು’ ಇಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಕಲಮಿನಂತೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನಮ್ಮ ರಾಜ್ಯದಲ್ಲಿ ಅದು ನಿಮಗೆಲ್ಲ ಗೊತ್ತಿರುವ ಸಿ.ಡಿ.ಪಿ.ಓ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ನಿಲ್ಲದು. ಆದರೆ ಹಿಂಸೆ ಕೊಟ್ಟವರು ಮನೆಯವರಾಗಿದ್ದರೆ ಮಾತ್ರ ಆ ಕಾಯ್ದೆ. ಆಶ್ರಮದ ಸಿಬ್ಬಂದಿ ಹೊಡೆದರೆ ಅದು ಬರುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಮುದುಕರನ್ನು ತೊರೆದುಹೋದವರಿಗೆ ಮೂರು ತಿಂಗಳವರೆಗೆ ಜೈಲು, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಎನ್ನುತ್ತದೆ. ಹಿಂಸೆ ಕಂಡ ನರ್ಸ್ ತಿಳಿಸಬೇಕೆಂದು ಅದರಲ್ಲಿಲ್ಲ. ಹೊಡೆಯುವುದು, ಕಟ್ಟಿಹಾಕುವುದು ಎಲ್ಲಿ ನಡೆದರೂ ಅಪರಾಧವೇ. ಆದರೆ ಕಂಡವರು ಹೇಳಿದರೆ ಮಾತ್ರ ಅದು ಹೊರಬೀಳುತ್ತದೆ. ಅಮೆರಿಕದಲ್ಲಿ 2010ರ ಕಾಯ್ದೆಯಂತೆ, ಕೇಂದ್ರ ಸರ್ಕಾರದ ಹಣ ಪಡೆಯುವ ಇಂಥ ಆರೈಕೆ ಕೇಂದ್ರಗಳಲ್ಲಿ ಅಪರಾಧದ ಅನುಮಾನ ಬಂದರೆ ಸಿಬ್ಬಂದಿ 24 ಗಂಟೆಯೊಳಗೆ ತಿಳಿಸಬೇಕು. ದೊಡ್ಡ ಗಾಯವಾಗಿದ್ದರೆ 2 ಗಂಟೆಯೊಳಗೆ. ಹೇಳಿದವರನ್ನು ಕೆಲಸದಿಂದ ತೆಗೆಯುವಂತಿಲ್ಲ.

ಕೊನೆಯ ಆ ಮಾತು ಬಹಳ ದೊಡ್ಡದು. ನಾನು ದುಡಿದ ಒಂದು ಆಶ್ರಮದಲ್ಲಿ ಮಂಚಕ್ಕೆ ಕಟ್ಟಿದ ಅಜ್ಜಿಯೊಬ್ಬರ ಕೈಯ ಬರೆಯನ್ನು ರಿಪೋರ್ಟ್ ಪುಸ್ತಕದಲ್ಲಿ ಬರೆದೆ. ಮರುದಿನ ಆ ಹಾಳೆ ಇರಲಿಲ್ಲ. ಮುಂದಿನ ತಿಂಗಳು ನನ್ನ ಕೆಲಸವೂ ಇರಲಿಲ್ಲ. ನನಗೆ ಬೇರೆ ಕೆಲಸ ಸಿಕ್ಕಿತು. ಆದರೆ ಹಳ್ಳಿಯಿಂದ ಬಂದು, ಸಾಲ ಮಾಡಿ ಕೋರ್ಸ್ ಮುಗಿಸಿ, ಸರ್ಟಿಫಿಕೇಟನ್ನು ಮಾಲೀಕರ ಬೀರುವಿನಲ್ಲಿಟ್ಟು ದುಡಿಯುವ ಹುಡುಗಿ ಬಾಯಿ ಬಿಡುವುದು ಹೇಗೆ? ಬರೀ ‘ತಿಳಿಸಬಹುದು’ ಎಂದಿದ್ದರೆ “ನಿನಗೇಕೆ ಈ ಉಸಾಬರಿ?” ಎಂದು ಮಾಲೀಕ ಗದರಿಸುತ್ತಾನೆ. ‘ತಿಳಿಸಲೇಬೇಕು’ ಎಂದಿದ್ದರೆ “ಕಾನೂನು ಹೇಳಿದೆ ಸಾರ್, ನಾನೇನು ಮಾಡಲಿ?” ಎನ್ನಬಹುದು. ಕಡ್ಡಾಯವೆಂಬುದು ಅವಳಿಗೆ ಹೊರೆಯಲ್ಲ, ಆಸರೆ.

ಇನ್ನೊಂದು ಮಾತು. ಆ ಅಜ್ಜಿಯನ್ನು ಕಟ್ಟಿದ ಆಯಾ ಕೆಟ್ಟವಳಲ್ಲ. ರಾತ್ರಿ ಇಪ್ಪತ್ತು ಮಂಚಕ್ಕೆ ಅವಳೊಬ್ಬಳೇ. ಅಜ್ಜಿ ಎದ್ದು ಬಿದ್ದರೆ ಅವಳ ಸಂಬಳಕ್ಕೆ ಕತ್ತರಿ. ದೂರು ಹೋದಾಗ ಬಡ ಹೆಂಗಸನ್ನು ಹೊರಗೆ ಹಾಕಿ ಕೈತೊಳೆದುಕೊಳ್ಳಲು ಬಿಡಬಾರದು. ಇಪ್ಪತ್ತು ಮಂಚಕ್ಕೆ ಒಬ್ಬಳನ್ನೇ ಇಟ್ಟವರು ಯಾರು ಎಂಬ ಪ್ರಶ್ನೆಯೂ ವಿಚಾರಣೆಯಲ್ಲಿ ಬರಬೇಕು.

ಗೆಳತಿಯರೇ, ಕಾನೂನು ಬರುವವರೆಗೆ ಕಾಯಬೇಕಿಲ್ಲ. ನಿಮ್ಮ ಊರಿನ ಸುತ್ತ ವೃದ್ಧಾಶ್ರಮವಿದ್ದರೆ ತಿಂಗಳಿಗೊಮ್ಮೆ ಇಬ್ಬರು ಮೂವರು ಹೋಗಿ ಬನ್ನಿ. ಹೊರಗಿನವರು ಬಂದು ಮಾತಾಡಿಸುತ್ತಾರೆ ಎಂದು ಗೊತ್ತಾದರೆ ಕೈಮಾಡುವವರು ಹಿಂದೆಮುಂದೆ ನೋಡುತ್ತಾರೆ. ಹಿರಿಯರ ಸಹಾಯವಾಣಿ 14567, ಮಹಿಳಾ ಸಹಾಯವಾಣಿ 181, ಪೊಲೀಸ್ 112. ಈ ನಂಬರುಗಳನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅಲ್ಲಿ ದುಡಿಯುವ ನರ್ಸ್, ಆಯಾಗಳ ಪರಿಚಯ ಮಾಡಿಕೊಳ್ಳಿ. ಅವರಲ್ಲಿ ಒಬ್ಬಳು ಬಾಯಿ ಬಿಟ್ಟು ಕೆಲಸ ಕಳೆದುಕೊಂಡರೆ ಅವಳ ಜೊತೆ ಠಾಣೆಗೆ, ಕಾರ್ಮಿಕ ಇಲಾಖೆಗೆ ನಡೆಯಿರಿ. ಮುಂದಿನ ಸಲ ನಿಮ್ಮ ಶಾಸಕರು ಸಭೆಗೆ ಬಂದಾಗ, ಮಗುವಿಗೆ ಇರುವ ‘ಲೇಬೇಕು’ ನಮ್ಮ ಅಜ್ಜಿಗೆ ಏಕಿಲ್ಲ ಎಂದು ಎದ್ದು ನಿಂತು ಕೇಳಿ.