ಗೇಟಿನಾಚೆಯ ಮೂರಡಿ

ಬೆಳಗಿನ ಆರು ಗಂಟೆಗೆ ದಾವಣಗೆರೆಯ ಸರಸ್ವತಿ ನಗರದಂಥ ಯಾವುದೇ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಮನೆಮನೆಯ ಗೇಟಿನ ಮುಂದೆ ಕಸ ಗುಡಿಸಿ, ನೀರು ಚಿಮುಕಿಸಿ ರಂಗೋಲಿ ಹಾಕುತ್ತಿರುತ್ತಾರೆ. ಆ ರಂಗೋಲಿ ಬಿದ್ದ ಜಾಗ ಯಾರದು? ಬಹಳಷ್ಟು ಕಡೆ ಅದು ನಿವೇಶನದೊಳಗಿನದಲ್ಲ, ರಸ್ತೆಗೆ ಸೇರಿದ್ದು. ಆದರೂ ರಂಗೋಲಿ ಡಬ್ಬಿ ಹಿಡಿದು ಪಾಲಿಕೆಯ ಅಪ್ಪಣೆಗೆ ಕಾದು ನಿಂತವರನ್ನು ನಾನಂತೂ ಕಂಡಿಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆ ಸರಿದು ನೋಡಿ. ಕಾಂಪೌಂಡ್ ಗೋಡೆಗೂ ಡಾಂಬರಿಗೂ ನಡುವೆ ಮೂರಡಿ ಮಣ್ಣಿನ ಪಟ್ಟಿ. ಮುಂಗಾರಿನ ನಾಲ್ಕು ಮಳೆ ಬಿದ್ದರೆ ಅಲ್ಲಿ ಸೊಂಟದೆತ್ತರ ಗಿಡ. ಯಾಕೆ ಕಿತ್ತಿಲ್ಲ ಎಂದು ಕೇಳಿದರೆ, ‘ಅದು ಕಾರ್ಪೊರೇಷನ್ ಜಾಗ ಕಣ್ರೀ’ ಎಂಬ ಉತ್ತರ ಸಿದ್ಧ. ಕಾರು ಇಳಿಸಲೆಂದು ಚರಂಡಿಯ ಮೇಲೆ ಕಾಂಕ್ರೀಟಿನ ಇಳಿಜಾರು ಕಟ್ಟಿಸುವಾಗ ಮಾತ್ರ ಅದೇ ಜಾಗ ನಮ್ಮದಾಗಿತ್ತು!

ಅಲ್ಲಿ ಬೆಳೆಯುವುದು ಬರೀ ಹುಲ್ಲಾಗಿದ್ದರೆ ದನ ಮೇಯ್ದು ಹೋಗುತ್ತಿತ್ತು. ಆದರೆ ಹೆಚ್ಚಿನ ಕಡೆ ಅದು ಪಾರ್ಥೇನಿಯಂ. ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಬಿಳಿ ಹೂವು ಗಾಂಧಿ ಟೋಪಿಯಂತೆ ಕಾಣುವುದರಿಂದ ಆ ಹೆಸರು ಬಂತೆನ್ನುತ್ತಾರೆ. ಅಮೆರಿಕ ಖಂಡದ ಈ ಕಳೆ 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಮುಂದೆ ಕರ್ನಾಟಕವನ್ನೂ ಹಬ್ಬಿತು. 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ 1975ರಲ್ಲಿ ಇಲ್ಲಿ ಇದನ್ನು ಪೀಡೆಕಳೆಯೆಂದು ಘೋಷಿಸಲಾಯಿತು. ಗಿಡವೇನೋ ಕಾಯ್ದೆಗೆ ಹೆದರಲಿಲ್ಲ. ಮೊಳೆತ ಒಂದೆರಡು ತಿಂಗಳೊಳಗೆ ಹೂ ಬಿಡುವ ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ನಮ್ಮ ಗೇಟಿನ ಗಿಡವನ್ನು ಈ ತಿಂಗಳು ಬಿಟ್ಟರೆ ಮುಂದಿನ ಮಳೆಗೆ ಇಡೀ ಬೀದಿಗೆ ಬಿತ್ತನೆ ಮಾಡಿದಂತೆ.

ಇದರ ಸೋಂಕಿನಿಂದ ಕೆಲವರಿಗೆ ಮೈ ತುರಿಸಿ ಚರ್ಮ ಕೆಡುತ್ತದೆ. ಪರಾಗದಿಂದ ಸೀನು, ಉಬ್ಬಸ ಬರುತ್ತವೆ. ದನ ತಿಂದರೆ ಹಾಲೂ ಕಹಿಯಾಗುತ್ತದೆ. ಶಾಲೆಗೆ ನಡೆದು ಹೋಗುವ ಮಗು ದಿನಕ್ಕೆರಡು ಬಾರಿ ಇದನ್ನು ಸವರಿಕೊಂಡೇ ಹೋಗಬೇಕು. ಪಟ್ಟಿಯ ತುಂಬ ಗಿಡವಿದ್ದರೆ ಅದು ರಸ್ತೆಗಿಳಿದು, ವಾಹನಗಳ ನಡುವೆ ನಡೆಯಬೇಕು. ಎರಡೂ ಅಪಾಯವೇ.

ವಿಜ್ಞಾನಿಗಳೂ ಕೈಕಟ್ಟಿ ಕೂತಿಲ್ಲ. ಮೆಕ್ಸಿಕೋದಿಂದ ತರಿಸಿದ ಒಂದು ಪಟ್ಟೆ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಗಳನ್ನು ಜರಡಿ ಮಾಡುತ್ತದೆ. ಒಣಹವೆ ಬಂದರೆ ಮಣ್ಣು ಸೇರಿ ಮಲಗುತ್ತದೆ. ಮಕ್ಕಳೇ, ಈ ಗಿಡದ ಮೇಲೆ ಬೆಳ್ಳನೆ ಬೆನ್ನಿಗೆ ಕಂದು ಗೀರುಗಳಿರುವ ದುಂಬಿ ಕಂಡರೆ ಕೊಲ್ಲಬೇಡಿ, ಅದು ನಮ್ಮ ಪಕ್ಷದ್ದು. ಆದರೆ ದುಂಬಿಯೊಂದನ್ನೇ ನಂಬಿ ಕೂರುವಂತಿಲ್ಲ.

ಉಳಿದದ್ದು ನಮ್ಮ ಕೈಕೆಲಸ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲೇ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೂ ಬಿಡದ ಗಿಡ ಗೊಬ್ಬರದ ಗುಂಡಿಗಾಗುತ್ತದೆ. ಹೂ ಬಂದದ್ದು ಬೇಡ. ಕೀಳುವುದು ದೊಡ್ಡವರ ಕೆಲಸ; ಅಲರ್ಜಿ, ಉಬ್ಬಸ ಇದ್ದವರು ದೂರವಿರಲಿ. ವಿದ್ಯಾರ್ಥಿಗಳು ಒಂದು ಚದರ ಮೀಟರ್ ಜಾಗ ಗುರುತಿಸಿ, ದೂರದಿಂದಲೇ ಗಿಡ ಎಣಿಸಿ ಬರೆದಿಡಲಿ. ಮುಂದಿನ ಮುಂಗಾರಿನಲ್ಲಿ ಮತ್ತೆ ಎಣಿಸಿದರೆ ಅಪ್ಪ ಅಮ್ಮ ಮಾಡಿದ ಕೆಲಸದ ಅಂಕಪಟ್ಟಿ ಅವರ ಕೈಯಲ್ಲೇ ಇರುತ್ತದೆ! ಹಾಗೆಯೇ ಇಳಿಜಾರಿನ ಕೆಳಗೆ ಚರಂಡಿ ಕಟ್ಟಿಕೊಂಡಿದ್ದರೆ ಬಿಡಿಸಿಕೊಡಿ. ನಿಂತ ನೀರಿಗೆ ಸೊಳ್ಳೆ ಖಾತ್ರಿ.

ಪಾಲಿಕೆ ತನ್ನ ಕರ್ತವ್ಯ ಮಾಡಲೇಬೇಕು, ಮಾಡದಿದ್ದರೆ ಕೇಳಲೇಬೇಕು. ಆದರೆ ರಂಗೋಲಿಗೆ ಬಾಗುವ ಬೆನ್ನು ವಾರಕ್ಕೊಮ್ಮೆ ಪಕ್ಕದ ಗಿಡಕ್ಕೂ ಬಾಗಿದರೆ ನಷ್ಟವೇನೂ ಇಲ್ಲ. ಈ ಭಾನುವಾರ ಪೇಪರು ಓದಿ ಮುಗಿಸಿದ ಮೇಲೆ ಒಮ್ಮೆ ಗೇಟು ತೆರೆದು ನೋಡುತ್ತೀರಲ್ಲವೇ?