ಒಂದೊಂದು ಪಾತಿಗೆ ಒಂದೊಂದು ಕೆಲಸ

ತದಡಿ ಬಂದರಿನಿಂದ ಗೋಕರ್ಣದ ಕಡೆ ಹೊರಟರೆ ಸಾಣಿಕಟ್ಟಾದ ಉಪ್ಪಿನಾಗರ ಸಿಗುತ್ತದೆ. ಮಳೆಗಾಲದಲ್ಲಿ ಅಘನಾಶಿನಿ ಸಿಹಿನೀರು ಹೊತ್ತು ಹರಿಯುವಾಗ ಅಲ್ಲಿ ಉಪ್ಪಿನ ಮಾತಿಲ್ಲ. ಮಳೆ ಸರಿದು ಅಳಿವೆ ಮತ್ತೆ ಉಪ್ಪಾದ ಮೇಲೆ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಆ ನೀರು ಮೊದಲು ವಿಶಾಲವಾದ ಸಂಗ್ರಹದಲ್ಲಿ ನಿಂತು ತಿಳಿಯಾಗಬೇಕು, ಆಮೇಲೆ ಬಿಸಿಲಿಗೆ ಕಾಯುವ ಪಾತಿಗಳಲ್ಲಿ ಗಟ್ಟಿಯಾಗಬೇಕು, ಕೊನೆಗೆ ಉಪ್ಪು ಕಟ್ಟುವ ಪಾತಿಗೆ ಇಳಿಯಬೇಕು. ನೀರು ಎಷ್ಟು ಗಟ್ಟಿ ಎಂದು ಅಳೆಯುವ ಬೋಮೆ ಮಾಪಕದಲ್ಲಿ ಸಮುದ್ರದ ನೀರು ಸುಮಾರು 3 ಡಿಗ್ರಿ. ಸುಮಾರು 25 ಮುಟ್ಟಿದಾಗ ಉಪ್ಪಿನ ಹರಳು ಕೂರತೊಡಗುತ್ತದೆ. ಅಷ್ಟರಲ್ಲಿ ಜಿಪ್ಸಮ್ ಬಹುಪಾಲು ಹಿಂದಿನ ಪಾತಿಗಳಲ್ಲೇ ಇಳಿದಿರುತ್ತದೆ. 30ರ ಆಚೆ ಬಿಟ್ಟರೆ ಮೆಗ್ನೀಷಿಯಮ್ ಲವಣ ಸೇರಿ ಉಪ್ಪು ಕಹಿಯಾಗುತ್ತದೆ. ಅದಕ್ಕೆ ಮೊದಲೇ ಉಳಿದ ನೀರನ್ನು ಹೊರಗೆ ಬಿಡಬೇಕು.

ಪ್ರತಿ ಪಾತಿಗೂ ಇಲ್ಲಿ ಒಂದೇ ಕೆಲಸ. ಪಕ್ಕದ ಪಾತಿಯಲ್ಲಿ ಏನು ನಡೆದಿದೆ ಎಂಬ ಚಿಂತೆ ಅದಕ್ಕಿಲ್ಲ. ತನಗೆ ಬರುವ ನೀರು ಎಷ್ಟು ಗಟ್ಟಿ, ತಾನು ಕಳಿಸಬೇಕಾದದ್ದು ಎಷ್ಟು ಗಟ್ಟಿ ಎಂಬಷ್ಟೇ ಲೆಕ್ಕ. ಒಂದರ ಬದು ಒಡೆದರೆ ಅದನ್ನು ಮುಚ್ಚಿ ಉಳಿದವನ್ನು ನಡೆಸಬಹುದು. ಮುಂದಿನ ಹೆಜ್ಜೆ ಯಾವಾಗ ಎಂದು ಹೇಳುವುದೂ ಗಡಿಯಾರವಲ್ಲ, ನೀರಿನ ಸ್ಥಿತಿ. ಮೋಡ ಕವಿದ ವಾರ ಕಾಯಲೇಬೇಕು.

ಇದೇ ಕ್ರಮ ಕಾರ್ಖಾನೆಗಳಲ್ಲೂ ಉಂಟು. ಮನೆಯಲ್ಲಿ ಇಡ್ಲಿ ಒಬ್ಬೆ ಒಬ್ಬೆಯಾಗಿ ಬೇಯುತ್ತದೆ. ಔಷಧ, ಬಣ್ಣ, ಐಸ್‌ಕ್ರೀಮ್, ಸಾಬೂನುಗಳನ್ನೂ ಹಲವು ಕಾರ್ಖಾನೆಗಳು ಹೀಗೆ ಒಬ್ಬೆಯಲ್ಲೇ, ಅಂದರೆ ಬ್ಯಾಚ್‌ನಲ್ಲೇ, ಮಾಡುತ್ತವೆ. ಇಂಥ ಕಾರ್ಖಾನೆಗಳ ನಿಯಂತ್ರಣಕ್ಕೆ ಐಎಸ್‌ಎ-88 ಎಂಬ ಮಾನಕ ಅಮೆರಿಕದಲ್ಲಿ 1995ರಲ್ಲಿ ಬಂತು. 1997ರಲ್ಲಿ ಅದೇ ಐಇಸಿ 61512 ಎಂಬ ಅಂತಾರಾಷ್ಟ್ರೀಯ ಮಾನಕವಾಯಿತು. ಅದರ ತಿರುಳು ಆಗರದಲ್ಲಿ ಕಂಡದ್ದೇ. ಒಂದು ವಾಲ್ವ್, ಒಂದು ಪಂಪು ಎಂಬ ಸಣ್ಣ ಘಟಕಗಳಿಂದ ತೊಟ್ಟಿಯವರೆಗೆ ಪ್ರತಿಯೊಂದಕ್ಕೂ ತನ್ನದೇ ನಿಯಂತ್ರಣ. ‘ತುಂಬು’, ‘ಕಲಕು’, ‘ಕಾಯಿಸು’, ‘ಖಾಲಿ ಮಾಡು’ ಎಂಬ ಹಂತಗಳು ಆ ತೊಟ್ಟಿಗೆ ಗೊತ್ತು. ಏನನ್ನು, ಎಷ್ಟು, ಯಾವ ಕ್ರಮದಲ್ಲಿ ಎಂಬ ಪಾಕವಿಧಾನ ಮಾತ್ರ ಬೇರೆಯೇ ಕಡತದಲ್ಲಿ.

ಈ ಬೇರ್ಪಡಿಕೆಯೇ ಇಡೀ ಮಾನಕದ ಜೀವ ಎಂದು ನನ್ನ ನಂಬಿಕೆ. ಪಾಕವಿಧಾನವನ್ನು ಯಂತ್ರದ ಪ್ರೋಗ್ರಾಮಿನೊಳಗೇ ಹೊಲಿದುಬಿಟ್ಟ ಕಾರ್ಖಾನೆಯಲ್ಲಿ ಸಕ್ಕರೆ ಒಂದು ಕಿಲೋ ಕಡಿಮೆ ಮಾಡಬೇಕೆಂದರೂ ಪ್ರೋಗ್ರಾಮ್ ಬಿಚ್ಚಬೇಕು. ಬಿಚ್ಚಿದ ಮೇಲೆ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ಔಷಧ ತಯಾರಿಕೆಯಲ್ಲಿ ಆ ಮರುಪರೀಕ್ಷೆಯ ಭಾರ ಸಣ್ಣದಲ್ಲ. ಹಂತಗಳನ್ನು ಒಮ್ಮೆ ಸರಿಯಾಗಿ ಬರೆದು, ಪರೀಕ್ಷಿಸಿ ಇಟ್ಟುಕೊಂಡರೆ ಹೊಸ ಸರಕಿಗೆ ಅವನ್ನೇ ಬೇರೆ ಕ್ರಮದಲ್ಲಿ ಜೋಡಿಸಿದರೆ ಆಯಿತು.

ತದಡಿಗೆ ಇದು ದೂರದ ಮಾತಲ್ಲ. ದೋಣಿ ದಡ ಮುಟ್ಟಿದಾಗ ಒಂದು ದಿನ ಬಂಗಡೆ, ಇನ್ನೊಂದು ದಿನ ಶೆಟ್ಲಿ, ಮತ್ತೊಂದು ದಿನ ಬೊಂಡಾಸ. ಸಂಸ್ಕರಣಾ ಘಟಕದಲ್ಲಿ ತೊಳೆಯುವುದು, ತೂಗುವುದು, ಹೆಪ್ಪುಗಟ್ಟಿಸುವುದು ಎಲ್ಲಕ್ಕೂ ಸಮಾನ. ಬದಲಾಗುವುದು ಕ್ರಮ ಮತ್ತು ಅಳತೆ. ‘ಮೂರು ಗಂಟೆ ಇಡು’ ಎನ್ನುವ ಬದಲು ‘ಮೀನಿನ ನಡುಭಾಗ ಮೈನಸ್ 18 ಡಿಗ್ರಿ ಮುಟ್ಟುವವರೆಗೆ ಇಡು’ ಎಂದು ಹಂತವನ್ನು ಬರೆದರೆ ಸಣ್ಣ ಮೀನಿಗೂ ದೊಡ್ಡ ಮೀನಿಗೂ ಅದೇ ಸಾಕು. ಯಾವ ಒಬ್ಬೆ ಯಾವ ಹಂತದಲ್ಲಿ ಎಷ್ಟು ಹೊತ್ತು ಇತ್ತು ಎಂಬ ದಾಖಲೆಯೂ ತಾನಾಗಿ ಉಳಿಯುತ್ತದೆ. 1997ರಲ್ಲಿ ಯುರೋಪ್ ಒಕ್ಕೂಟ ನೈರ್ಮಲ್ಯದ ಕಾರಣ ಕೊಟ್ಟು ಭಾರತದ ಮೀನು, ಸಿಗಡಿಯನ್ನು ತಡೆದದ್ದನ್ನು ಕಂಡ ವ್ಯಾಪಾರಕ್ಕೆ ಅಂಥ ದಾಖಲೆಯ ಬೆಲೆ ಗೊತ್ತು.

ಇದರಿಂದ ಕೈಯ ಕಸುಬು ಸಾಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನೀರಿನ ಬಣ್ಣ ನೋಡಿ ಉಪ್ಪು ಎಳೆಯುವ ಹೊತ್ತು ಹೇಳಬಲ್ಲ, ಆಗರದಲ್ಲಿ ದುಡಿಯುವ ಆಗೇರ ಸಮುದಾಯದವರ ಕಣ್ಣಿಗೆ ಸಮನಾದ ಮಾಪಕವನ್ನು ನಾನು ಕಾಣೆ. ಆದರೆ ಆ ಕಣ್ಣಿನ ತಿಳಿವು ಎಲ್ಲೂ ಬರೆದಿಟ್ಟಿಲ್ಲದಿದ್ದರೆ ಅವರು ಕೆಲಸ ಬಿಟ್ಟ ದಿನವೇ ಅದೂ ಹೋಗುತ್ತದೆ. ಪಾಕವಿಧಾನ ಪ್ರತ್ಯೇಕವಾಗಿದ್ದರೆ ಅದನ್ನು ಬರೆಯುವ, ತಿದ್ದುವ ಹಕ್ಕು ಕಸುಬು ಬಲ್ಲವರ ಕೈಗೆ ಬರುತ್ತದೆ. ಪ್ರೋಗ್ರಾಮ್ ಬಲ್ಲವರ ಬಾಗಿಲು ಕಾಯಬೇಕಿಲ್ಲ. ಒಂದೇ ಸರಕನ್ನು ವರ್ಷಗಟ್ಟಲೆ ಮಾಡುವ ಪುಟ್ಟ ಘಟಕಕ್ಕೆ ಇಷ್ಟೆಲ್ಲ ಬೇಡ, ಖರ್ಚು ಮೈಮೇಲೆ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ. ವಾಲ್ವ್‌ವಾಲ್ವಿಗೂ ಒಂದೊಂದು ಹಂತ ಮಾಡಿ ತಲೆ ಕೆಡಿಸಿಕೊಳ್ಳುವುದೂ ತಪ್ಪೇ.

ಕರಾವಳಿಯಲ್ಲಿ ಹೊಸ ಘಟಕ ಕಟ್ಟುವವರಲ್ಲಿ ನನ್ನದೊಂದೇ ಕೋರಿಕೆ: ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಹಂತಗಳ ಪಟ್ಟಿಯನ್ನು ನಿಮ್ಮ ಕೆಲಸಗಾರರ ಜತೆ ಕೂತು ಕನ್ನಡದಲ್ಲೇ ಬರೆಯಿರಿ. ಪಾಕವಿಧಾನವನ್ನು ತೆರೆಯುವ ಬೀಗದ ಕೈ ನಿಮ್ಮಲ್ಲೇ ಇರುತ್ತದೆ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ.