ಮೂಳೆಗೆ ತುಂಬುವ ಮುನ್ನ ಲೆಕ್ಕ ತೋರಿಸಿ

ಕಾಲಿನ ಮೂಳೆ ಮುರಿದು, ಒಳಗೆ ಸೋಂಕು ಕೂತರೆ ಆ ಪಾಡು ಪಟ್ಟವರಿಗೇ ಗೊತ್ತು. ಗಾಯ ಮುಚ್ಚಿತು ಎನ್ನುವಷ್ಟರಲ್ಲಿ ಮತ್ತೆ ಕೀವು ಜಿನುಗುತ್ತದೆ, ಬೆಳಿಗ್ಗೆ ಕಟ್ಟಿದ ಬ್ಯಾಂಡೇಜು ಸಂಜೆಗೆ ಹಳದಿಯಾಗುತ್ತದೆ. ಸತ್ತ ಮೂಳೆಗೆ ರಕ್ತ ಹರಿಯದು. ನುಂಗಿದ ಆಂಟಿಬಯಾಟಿಕ್ ಅಲ್ಲಿಗೆ ಮುಟ್ಟದು. ಆ ಮೂಳೆಯನ್ನು ಕೆರೆದು ತೆಗೆದರೆ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಔಷಧ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್ ಮಣಿಗಳನ್ನೋ ಬಯೋಆಕ್ಟಿವ್ ಗಾಜಿನ ಹರಳುಗಳನ್ನೋ ತುಂಬುತ್ತಾರೆ. ಸೋಂಕು ಅಡಗಿ ಹೊಸ ಮೂಳೆ ಬೆಳೆಯಲಿ ಎಂದು ಕಾಯುತ್ತಾರೆ. ಈ ದಾರಿ ಒಳ್ಳೆಯದೇ. ಆದರೆ ಇಂಥ ಸಾಮಗ್ರಿಗಳ ಪರೀಕ್ಷೆಯ ಪೂರ್ತಿ ಲೆಕ್ಕ ಕಂಪನಿಗಳ ಕಪಾಟಿನಲ್ಲೇ ಉಳಿಯುವುದನ್ನು ಒಪ್ಪಲಾಗದು.

ಅಮೆರಿಕದ ಮೆಡ್‌ಟ್ರಾನಿಕ್ ಕಂಪನಿಯ ‘ಇನ್‌ಫ್ಯೂಸ್’ ಕಥೆ ನೋಡಿ. ಮೂಳೆ ಬೆಳೆಸುವ ಪ್ರೋಟೀನನ್ನು ಕೊಲಾಜನ್ ಸ್ಪಂಜಿಗೆ ಹೀರಿಸಿ ಒಳಗಿಡುವ ಸಾಧನ ಅದು. 2002ರಲ್ಲಿ ಸೊಂಟದ ಬೆನ್ನೆಲುಬಿನ ಶಸ್ತ್ರಚಿಕಿತ್ಸೆಗೆ, 2004ರಲ್ಲಿ ಚರ್ಮ ಸೀಳಿ ಮುರಿದ ಕಾಲಿನ ಮೂಳೆಗೆ ಅನುಮತಿ ಸಿಕ್ಕಿತು. ಕಂಪನಿಯ ನೆರವಿನ 13 ಅಧ್ಯಯನಗಳಲ್ಲಿ 780 ಮಂದಿಗೆ ಪ್ರೋಟೀನು ಕೊಟ್ಟಿದ್ದರು. ಅದರಿಂದಾದ ತೊಂದರೆ ಒಂದೂ ಇಲ್ಲ ಎಂದು ಬರೆದರು. ಆದರೆ ಕುತ್ತಿಗೆಯಲ್ಲಿ ಬಳಸಿದರೆ ಗಂಟಲು ಊದಿಕೊಂಡು ಜೀವಕ್ಕೇ ಅಪಾಯವೆಂದು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಬೇಕಾಯಿತು. ಅಪಾಯ ಮೊದಲು ಹೇಳಿದ್ದಕ್ಕಿಂತ 10ರಿಂದ 50 ಪಟ್ಟು ಹೆಚ್ಚೆಂದು 2011ರಲ್ಲಿ ‘ದಿ ಸ್ಪೈನ್ ಜರ್ನಲ್’ನಲ್ಲಿ ಡಾ. ಯೂಜಿನ್ ಕ್ಯಾರಗೀ ತಂಡ ಬರೆಯಿತು. ಆ ಸಾಧನದ ಅಧ್ಯಯನಗಳನ್ನು ಬರೆದ ವೈದ್ಯರಿಗೆ ಕಂಪನಿಯಿಂದ ಸುಮಾರು 21 ಕೋಟಿ ಡಾಲರ್ ಸಂದಿತ್ತೆಂದು ಮರುವರ್ಷ ಅಮೆರಿಕದ ಸೆನೆಟ್ ಸಮಿತಿ ಬಯಲಿಗೆಳೆಯಿತು. ಕಂಪನಿಯ ಪೂರ್ತಿ ದಾಖಲೆ ಯೇಲ್ ವಿಶ್ವವಿದ್ಯಾಲಯಕ್ಕೆ ಸಿಕ್ಕಿತ್ತು. ರೋಗಿಯ ಸೊಂಟದಿಂದಲೇ ತೆಗೆದ ಮೂಳೆಗಿಂತ ಇದು ಮೇಲೆಂದು ಹೇಳಲಾಗದು ಎಂಬ ತೀರ್ಮಾನ ಹೊರಬಿದ್ದದ್ದು 2013ರಲ್ಲಿ. ಅಷ್ಟರಲ್ಲಿ ಹನ್ನೊಂದು ವರ್ಷ ಕಳೆದಿತ್ತು.

ಕಾಲು ಕಳೆದುಕೊಳ್ಳುವ ಭಯದಲ್ಲಿರುವವರ ಮುಂದೆ ದಾಖಲೆ ಕೇಳುತ್ತ ಕೂರುವುದು ಕ್ರೌರ್ಯ ಎನ್ನುವವರಿದ್ದಾರೆ. ಆ ಮಾತು ನನಗೆ ತಲೆಕೆಳಗಾಗಿ ಕಾಣುತ್ತದೆ. ಹತ್ತಾರು ಸಲ ಆಸ್ಪತ್ರೆ ಹತ್ತಿಳಿದು, ಹೊಲ ಅಡವಿಟ್ಟವರಿಗೆ ಇನ್ನೊಂದು ಸೋಲು ತಡೆದುಕೊಳ್ಳುವ ಶಕ್ತಿ ಉಳಿದಿರುವುದಿಲ್ಲ. ಹಿಂದೆ ಇಂಥ ಸಾಮಗ್ರಿ ತುಂಬಿಸಿಕೊಂಡವರಲ್ಲಿ ಎಷ್ಟು ಜನರಿಗೆ ಸೋಂಕು ಮರುಕಳಿಸಿತು ಎಂದು ತಿಳಿಯುವ ಹಕ್ಕು ಎಲ್ಲರಿಗಿಂತ ಮೊದಲು ಅವರದು.

ವೈದ್ಯಕೀಯ ಸಾಧನಗಳಿಂದಾದ ತೊಂದರೆ ದಾಖಲಿಸಲು ನಮ್ಮಲ್ಲಿ 2015ರಿಂದ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮವಿದೆ. ಒಳಗೆ ಏನಿಟ್ಟಿದ್ದಾರೆ ಎಂಬುದೇ ಗೊತ್ತಿಲ್ಲದವರು ಅಲ್ಲಿ ಏನೆಂದು ದೂರಬೇಕು? ನಿಮ್ಮ ಮನೆಯವರ ಮೂಳೆಗೆ ಏನೇ ತುಂಬಿದರೂ, ಅದರ ಹೆಸರು, ಬ್ಯಾಚ್ ನಂಬರ್ ಇರುವ ಸ್ಟಿಕ್ಕರನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಡಿ ಎಂದು ಕೇಳಿ. ಕೊಡುವವರೆಗೂ ಬಿಡಬೇಡಿ.